ವಜ್ರ ಆಗಿಬರಬೇಕು ಕಣ್ಲಾ

ಮೊನ್ನೆ ತಿಪಟೂರಿನ ಕನ್ನಡಕದ ಅಂಗಡಿಗೆ ಹೋಗಿ ಮಾನ ಕಳೆದುಕೊಂಡು ಬಂದೆ. ನಲವತ್ತು ದಾಟಿದವರಿಗೆಲ್ಲ ಒಂದಲ್ಲ ಒಂದು ದಿನ ಬರುವ ಕನ್ನಡಕ ನನಗೂ ಬಂದಿತ್ತು. ಅಂಗಡಿಯವರು ಹೊಸದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಣ್ಣಿಗೆ ಇಟ್ಟುಕೊಳ್ಳುವ ಬದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಅವರು ನನ್ನನ್ನೂ ಕನ್ನಡಕವನ್ನೂ ಒಮ್ಮೆ ನೋಡಿ, ಬಹಳ ಮರ್ಯಾದೆಯಿಂದ, “ಸಾರ್, ಅದು ಕಿವಿಗೂ ಬತ್ತದೆ, ಆದ್ರೆ ಮೊದ್ಲು ಕಣ್ಣಿಗೆ ಹಾಕ್ಕಳಿ” ಎಂದರು. ಪಕ್ಕದ ಬೆಂಚಿನಲ್ಲಿ ಕಣ್ಣು ಪರೀಕ್ಷೆಗೆಂದು ಕೂತಿದ್ದವರು ನಕ್ಕರು. ಅವರಿಗೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ, ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ನೀವು ತೆಂಗಿನ ಸೀಮೆಯವರಾದರೆ ನಾನು ಏನು ಮಾಡಿದೆ ಎಂದು ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಅಲ್ಲದಿದ್ದರೆ ಹೇಳುತ್ತೇನೆ, ಕೇಳಿ. ನಮ್ಮ ಕಡೆ ಕಾಯಿಯನ್ನು ಕೆಡವಿದ ಕೂಡಲೇ ಮಾರುವ ಅವಸರವಿಲ್ಲ. ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ವರ್ಷ ಅದರ ಪಾಡಿಗೆ ಅದನ್ನು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಕೊಬ್ಬರಿಯಾಗಿದೆ. ಗುಳುಗುಳು ಎಂದರೆ ಇನ್ನೂ ನೀರಿದೆ. ಸದ್ದೇ ಇಲ್ಲದಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ಈ ಅಭ್ಯಾಸ ಒಂದು ಸಲ ಕೈಗೆ ಬಂತೆಂದರೆ ಬಿಡುವುದಿಲ್ಲ. ನಮ್ಮವರು ಔಷಧಿ ಬಾಟಲಿ, ಅಗರಬತ್ತಿ ಡಬ್ಬಿ, ಮದುವೆಯಲ್ಲಿ ಬಂದ ಉಡುಗೊರೆ ಎಲ್ಲವನ್ನೂ ಮೊದಲು ಕೇಳಿ ಆಮೇಲೆ ನೋಡುತ್ತಾರೆ.

ನನಗೆ ಈ ಕಿವಿ ಬಂದಿದ್ದು ರುದ್ರಪ್ಪ ಮಾವನಿಂದ. ನಮ್ಮಮ್ಮನ ತಮ್ಮ. ಅರಳಗುಪ್ಪೆಯ ಹತ್ತಿರ ಅವರ ತೋಟದ ಮನೆ. ನಮ್ಮ ಮನೆಯಲ್ಲಿ ಹಸು ಕೊಳ್ಳುವುದಿರಲಿ, ಬೋರು ಕೊರೆಸುವುದಿರಲಿ, ಹೆಣ್ಣು ತರುವುದಿರಲಿ, ಮಾವ ಹೂಂ ಅನ್ನದೆ ಒಂದು ಹೆಜ್ಜೆ ಮುಂದೆ ಹೋಗುವಂತಿರಲಿಲ್ಲ. ನಮ್ಮಪ್ಪ ಜಗಳಕ್ಕೆ ಹೆದರುವ ಪ್ರಾಣಿ. “ನಿಮ್ ಮಾವನ್ನ ಕೇಳು” ಎನ್ನುವುದರಲ್ಲೇ ಅವರ ಅರ್ಧ ಆಯುಸ್ಸು ಸುಖವಾಗಿ ಕಳೆಯಿತು. ಮಾವ ಕೆಟ್ಟವರಲ್ಲ. ತಾವು ಒಪ್ಪದ ಕೆಲಸ ಕೆಡುತ್ತದೆ, ಒಪ್ಪಿದ ಕೆಲಸ ಕೆಟ್ಟರೆ ಅದು ಬೇರೆಯವರಿಂದ ಎಂದು ನಂಬಿದ್ದರು, ಅಷ್ಟೇ. ಇಂಥವರು ನಿಮ್ಮ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಈಗ ಹೇಳಹೊರಟಿರುವುದು ಹದಿನೈದು ವರ್ಷಕ್ಕೂ ಹಿಂದಿನ ಮಾತು. ನಾನು ಆಗಲೂ ತಿಪಟೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ, ಈಗಲೂ ಹೇಳುತ್ತಿದ್ದೇನೆ. ಮಕ್ಕಳು ಬದಲಾಗಿದ್ದಾರೆ, ನನ್ನ ಪಾಠ ಬದಲಾಗಿಲ್ಲ. ಚಿಕ್ಕನಾಯಕನಹಳ್ಳಿಯ ಹತ್ತಿರದ ಒಂದು ಊರಿಗೆ ನನಗಾಗಿ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಹೆಸರು ಮಂಗಳಾ. ಹುಳಿಯಾರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಉಪ್ಪಿಟ್ಟು, ಕಾಫಿ, ಮಳೆಬೆಳೆಯ ಮಾತೆಲ್ಲ ಮುಗಿದ ಮೇಲೆ ನಮ್ಮಮ್ಮ, “ಒಪ್ಪಿಗೆ ದಿನ ಉಂಗುರ ಹಾಕಿಸ್ತೀವಿ, ಈಗೆಲ್ಲಾ ಹಂಗೇ ಅಲ್ವಾ” ಎಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ತಲೆ ಎತ್ತಿದಳು. “ಉಂಗುರ ನಾನೇ ಆರಿಸ್ಕೋತೀನಿ. ಚಿಕ್ಕದಾದ್ರೂ ಸರಿ, ವಜ್ರದ್ದು.”

ಅವರಪ್ಪ ನೆಲ ನೋಡಿದರು. ನಮ್ಮಪ್ಪ ಮಾವನನ್ನು ನೋಡಿದರು. ನಾನು ಉಪ್ಪಿಟ್ಟಿನ ತಟ್ಟೆಯಲ್ಲಿ ಉಳಿದಿದ್ದ ಮೆಣಸಿನಕಾಯಿಯನ್ನು ನೋಡುತ್ತಿದ್ದೆ.

“ನಾನು ಮೂರನೇ ಮಗಳು,” ಎಂದಳು ಮಂಗಳಾ, ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ. “ಅಕ್ಕಂದ್ರ ಲಂಗ, ಅಕ್ಕಂದ್ರ ಪುಸ್ತಕ, ಅಕ್ಕಂದ್ರ ಓಲೆ. ಎಲ್ಲಾ ಅವ್ರು ಬಿಟ್ಟಿದ್ದು. ಏನು ಬೇಕು ಅಂತ ನನ್ನ ಯಾರೂ ಕೇಳಿಲ್ಲ. ಇದೊಂದು ಮೊದ್ಲಿಂದ ನಂದೇ ಆಗ್ಲಿ.”

ವಾಪಸ್ ಬರುವಾಗ ಮಾವ, “ಹುಡ್ಗೀಗೆ ಬಾಯೈತೆ. ಒಳ್ಳೇದೇ ಬುಡು, ನಿಂಗಿಲ್ವಲ್ಲ” ಎಂದರು. ಹೀಗೆ ನನ್ನ ಸಂಬಂಧ ಕುದುರಿತು.

ಆದರೆ ವಜ್ರ ಎನ್ನುವುದು ನಮ್ಮ ಮನೆತನದಲ್ಲಿ ಹಗುರವಾಗಿ ಎತ್ತುವ ಮಾತಲ್ಲ. ಚಿನ್ನ ಯಾರಿಗಾದರೂ ಆಗುತ್ತದೆ. ಬೆಳ್ಳಿ ಪಾಪದ್ದು. ವಜ್ರ ಮಾತ್ರ ಆಗಿಬರಬೇಕು. ಆಗಿಬಂದರೆ ಮನೆ ಉದ್ಧಾರ, ಇಲ್ಲದಿದ್ದರೆ ಮನೆ ಮಂದಿ, ದನ ಕರು ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಮನೆಗೆ ತಂದು ಮೂರು ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಕು. ಕನಸು ಎಂಥದ್ದು ಬಿತ್ತು, ಬೆಳಿಗ್ಗೆ ಎದ್ದರೆ ಯಾರ ಮುಖ ಕಂಡಿತು, ಹಸು ಎಷ್ಟು ಹಾಲು ಕೊಟ್ಟಿತು ಎಂದು ನೋಡಿ ತೀರ್ಮಾನಕ್ಕೆ ಬರಬೇಕು. ಹಿಂದಿನ ಕಾಲದ ಅಕ್ಕಸಾಲಿಗರು ನಂಬಿಕೆಯ ಮೇಲೆ ಕೊಟ್ಟು ಕಳಿಸುತ್ತಿದ್ದರಂತೆ. ಮಾವ ಈ ವಿಚಾರವನ್ನು ನನಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು: “ಹಸು ತರೋವಾಗ ನಾಕು ದಿನ ಕಟ್ಟಾಕ್ಕೊಂಡು ಕರೆದು ನೋಡಲ್ವಾ? ಇದೂ ಹಂಗೇಯ. ವಜ್ರ ಆಗಿಬರಬೇಕು ಕಣ್ಲಾ.”

ಬೆಂಗಳೂರಿಗೆ ರೈಲಿನಲ್ಲಿ ಹೊರಟವರು ನಾಲ್ವರು: ಮಾವ, ಮಾವನ ಹೆಂಡತಿ ಗಂಗಮ್ಮ ಅತ್ತೆ, ಮಂಗಳಾ, ನಾನು. ಅತ್ತೆ ಜೊತೆಗಿದ್ದಾರೆ ಎಂದ ಮೇಲೆ ಹೆಣ್ಣಿನ ಮನೆಯವರೂ ಬೇಡವೆನ್ನಲಿಲ್ಲ. ಅತ್ತೆ ಮಾತು ಕಡಿಮೆ. ಗಂಡ ಹೇಳಿದ್ದಕ್ಕೆಲ್ಲ “ಹೂಂ ಕಣ್ರೀ” ಎನ್ನುತ್ತಾ, ಆಮೇಲೆ ತಮಗೆ ಸರಿ ಕಂಡದ್ದನ್ನು ಮಾಡುವ ಜಾಯಮಾನ. ದಾರಿಯುದ್ದಕ್ಕೂ ಮಂಗಳಾಗೆ ಚಕ್ಕುಲಿ ಕೊಡುತ್ತಿದ್ದರು. ನನಗೆ ಕೊಡಲಿಲ್ಲ.

ಆ ಅಂಗಡಿಯ ಹೆಸರು ಬೇಡ, ಈಗಲೂ ಇದೆ. ನೆಲದಿಂದ ಸೂರಿನವರೆಗೆ ಗಾಜು. ಬಾಗಿಲಲ್ಲಿ ಆರಡಿ ಎತ್ತರದ ಕಾವಲಿನವನು ಮಾವನಿಗೆ ಸೆಲ್ಯೂಟ್ ಹೊಡೆದ. ಮಾವ ತಿರುಗಿ ಕೈಮುಗಿದು, ಒಳಗಿನ ಹೊಳೆಯುವ ನೆಲ ನೋಡಿ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ಅತ್ತೆಯೂ ಬಿಟ್ಟರು. ಅವರಿಬ್ಬರು ಬಿಟ್ಟ ಮೇಲೆ ನಾನು ಹಾಕಿಕೊಂಡು ಹೋಗುವುದು ಹೇಗೆ? ನಾನೂ ಬಿಟ್ಟೆ. ಮಂಗಳಾ ಮಾತ್ರ ಟಕಟಕ ಎನ್ನಿಸಿಕೊಂಡು ಒಳಗೆ ಹೋದಳು. ಇನ್ನು ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂದು ಮಾವ ಒಂದು ಚೀಲ ತೆಂಗಿನಕಾಯಿ ತಂದಿದ್ದರು. ಕಾವಲಿನವನು ಚೀಲ ತಡವಿ ನೋಡಿ ಗಾಬರಿಯಾದ. “ಕಾಯಿ ಕಣಪ್ಪ, ಅಂಗ್ಡಿಯೋರಿಗೆ. ನಿಂಗೂ ಎರಡು ತಗೋ, ಚಪ್ಲಿ ಕಡೆ ಒಸಿ ಕಣ್ಣಿಡು” ಎಂದರು ಮಾವ. ಆ ಮನುಷ್ಯ ಕೋಟಿಗಟ್ಟಲೆ ಬೆಲೆಯ ಒಡವೆ ಕಾಯುವುದು ಬಿಟ್ಟು ನಮ್ಮ ಚಪ್ಪಲಿ ಕಾಯುತ್ತಾ ನಿಂತ.

ಕಪ್ಪು ಕೋಟು ಹಾಕಿದ ಹುಡುಗಿಯೊಬ್ಬಳು ನಮ್ಮನ್ನು ಮೆತ್ತನೆಯ ಕುರ್ಚಿಗಳಲ್ಲಿ ಕೂರಿಸಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ವಜ್ರದ ಬಣ್ಣ, ತೂಕ, ಕೊರೆತ, ಒಳಗಿನ ಶುದ್ಧಿ ಎಲ್ಲ ವಿವರಿಸಿದಳು. ಮಾವನಿಗೆ ನಾನು ಅನುವಾದ ಮಾಡಿದೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪಾಠ ಹೇಳುವವನ ನಾಲಿಗೆ. ಭಾವೀ ಹೆಂಡತಿ ಬೇರೆ ಪಕ್ಕದಲ್ಲಿ ಕೂತಿದ್ದಾಳೆ. ವಜ್ರವೂ ಇದ್ದಿಲೂ ಮೂಲದಲ್ಲಿ ಒಂದೇ, ಎರಡೂ ಇಂಗಾಲವೇ ಎಂದು ವಿದ್ವತ್ತು ತೋರಿಸಿಬಿಟ್ಟೆ.

“ಏನಂದೆ? ಇದ್ಲು?” ಎಂದರು ಮಾವ.

“ಮೂಲದಲ್ಲಿ ಮಾವ. ಭೂಮಿ ಒಳಗೆ ಒತ್ತಡ, ಶಾಖ…”

“ಲೇ, ನಮ್ ಹಿತ್ಲಲ್ಲಿ ಚಿಪ್ಪು ಸುಟ್ಟ ಇದ್ಲು ರಾಶಿ ಬಿದ್ದೈತೆ. ಅದ್ಕೇ ಇಷ್ಟು ದೂರ ಬರ್ಬೇಕಿತ್ತಾ?”

ಕಪ್ಪು ಕೋಟಿನ ಹುಡುಗಿ ಮುಖ ತಿರುಗಿಸಿಕೊಂಡು ಕೆಮ್ಮಿದಳು. ಅವಳೂ ಅರಸೀಕೆರೆಯವಳು, ನಾವು ಬಾಗಿಲಲ್ಲಿ ಮಾತಾಡಿದ್ದರಿಂದ ಹಿಡಿದು ಪ್ರತಿಯೊಂದೂ ಅವಳಿಗೆ ಅರ್ಥವಾಗುತ್ತಿತ್ತು ಎಂದು ನಮಗೆ ತಿಳಿದದ್ದು ಆಮೇಲೆ. ಅವಳು ಉಂಗುರಗಳ ತಟ್ಟೆಯನ್ನು ಮುಂದಿಟ್ಟಳು. ಮಾವ ಒಂದನ್ನು ಎತ್ತಿಕೊಂಡರು. ನಾನು ಏನಾಗುತ್ತದೆಂದು ಊಹಿಸುವಷ್ಟರಲ್ಲಿ ಅದು ಅವರ ಕಿವಿಯ ಹತ್ತಿರ ಹೋಗಿತ್ತು. ಕಣ್ಣು ಅರ್ಧ ಮುಚ್ಚಿ, ಅಲ್ಲಾಡಿಸಿ, ಕೆಳಗಿಟ್ಟರು. ಇನ್ನೊಂದು. ಮತ್ತೊಂದು. ಸುತ್ತಲಿನ ಗಿರಾಕಿಗಳೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು. ಎಲ್ಲವನ್ನೂ ಕೇಳಿ ಮುಗಿಸಿದ ಮಾವ ಬೇಸರದಿಂದ ತಟ್ಟೆ ತಳ್ಳಿ ಹೇಳಿದರು:

“ಸದ್ದೇ ಇಲ್ಲ. ಎಲ್ಲಾ ಹಸಿ ಮಾಲು.”

ಕೋಟಿನ ಹುಡುಗಿಗೆ ತಡೆಯಲಾಗಲಿಲ್ಲ. “ಅಣ್ಣಾ, ಇದು ಸದ್ದು ಮಾಡಿದ್ರೆ ನನ್ ಕೆಲ್ಸ ಹೋಯ್ತದೆ ಕಣಣ್ಣಾ!” ಎಂದಳು, ಅಚ್ಚ ಅರಸೀಕೆರೆಯ ಮಾತಿನಲ್ಲಿ. ಮಾವನಿಗೂ ತಾವೇನು ಮಾಡಿದೆವೆಂದು ಅರಿವಾಗಿ ಕಿವಿ ಕೆಂಪಾಯಿತು. ಮಂಗಳಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಸಿ ಮಾಲಿಗೆ ಆ ಕ್ಷಣದಲ್ಲಿ ಎಷ್ಟು ಬೇಕಾದರೂ ಕೊಡಲು ನಾನು ಸಿದ್ಧನಿದ್ದೆ.

ಅವಳು ಆರಿಸಿದ್ದು ತಟ್ಟೆಯ ಮೂಲೆಯಲ್ಲಿದ್ದ ಒಂದು ತೆಳ್ಳನೆಯ ಉಂಗುರ. ಅಕ್ಕಿಕಾಳಿಗಿಂತ ಸಣ್ಣ ಕಲ್ಲು. ಬೆರಳಿಗೆ ಹಾಕಿಕೊಂಡು ಕೈಯನ್ನು ಮೇಜಿನ ಮೇಲೆ ಇಟ್ಟು ಸುಮ್ಮನೆ ನೋಡುತ್ತಾ ಕೂತಳು. ಬೆಲೆ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕೋಟಿನ ಹುಡುಗಿ ಬೇರೆ ಬೇರೆ ದೊಡ್ಡ ಉಂಗುರಗಳನ್ನು ತಂದು ತೋರಿಸಿದರೂ ಅವಳ ಕಣ್ಣು ಕದಲಲಿಲ್ಲ. ಅತ್ತೆ ಆ ಕೈಯನ್ನೇ ನೋಡುತ್ತಿದ್ದರು.

“ಸರಿ, ಇದನ್ನ ಮನೆಗೆ ತಗೊಂಡೋಗಿ ಮೂರು ದಿನ ಇಟ್ಕಂಡು ನೋಡ್ತೀವಿ,” ಎಂದರು ಮಾವ. “ಆಗಿಬಂದ್ರೆ ದುಡ್ಡು ಕೊಡ್ತೀವಿ.”

ಟೈ ಕಟ್ಟಿದ ಮ್ಯಾನೇಜರ್ ಬಂದರು. ಹಾಗೆಲ್ಲ ಕೊಡುವುದಿಲ್ಲ ಎಂದರು. ಹಸು ಕೊಡುವವರು ಕೊಡುತ್ತಾರಲ್ಲ ಎಂದರು ಮಾವ. ಇದು ಹಸುವಲ್ಲ ಎಂದರು ಮ್ಯಾನೇಜರ್. “ಅದ್ಕೇ ಸ್ವಾಮಿ ಹೇಳ್ತಿರೋದು. ಹಸು ಆದ್ರೆ ಹಲ್ಲು ನೋಡ್ಬೋದು, ಕೆಚ್ಚಲು ನೋಡ್ಬೋದು. ಇದ್ರಲ್ಲಿ ಏನು ನೋಡನ?” ಕೊನೆಗೆ, ಹಣ ಕಟ್ಟಿ ತೆಗೆದುಕೊಂಡು ಹೋಗಿ, ಇಷ್ಟವಾಗದಿದ್ದರೆ ತಂದು ಬದಲಾಯಿಸಿಕೊಳ್ಳಬಹುದು, ಅದು ಅಂಗಡಿಯ ನಿಯಮವೇ ಎಂದು ಮ್ಯಾನೇಜರ್ ಹೇಳಿದಾಗ ಮಾವ ಗೆದ್ದವರಂತೆ ನನ್ನ ಕಡೆ ನೋಡಿದರು. ಮ್ಯಾನೇಜರಿಗೆ ತೆಂಗಿನಕಾಯಿ ಚೀಲವನ್ನು ಕೊಟ್ಟು ಬಂದೆವು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದೆ.

ತಿಪಟೂರು ಸ್ಟೇಷನ್ನಿನಲ್ಲಿ ಇಳಿದಾಗ ಮಂಗಳಾ ನನ್ನೊಬ್ಬನಿಗೇ ಕೇಳುವಂತೆ ಹೇಳಿದಳು: “ಆ ಉಂಗುರ ವಾಪಸ್ ಹೋದ್ರೆ, ಬೇರೆದು ತರೋ ತೊಂದ್ರೆ ತಗೋಬೇಡಿ.”

ಎಂಥ ಒಳ್ಳೆಯ ಹುಡುಗಿ, ಒಡವೆಯ ಆಸೆಯೇ ಇಲ್ಲ ಎಂದುಕೊಂಡೆ ನಾನು. ಆ ಸಂತೋಷದಲ್ಲೇ ಅತ್ತೆಗೆ ಹೇಳಿದೆ. ಅತ್ತೆ ನನ್ನ ಮುಖವನ್ನು ಕನಿಕರದಿಂದ ನೋಡಿದರು. “ಉಂಗುರ ಬ್ಯಾಡ ಅಂದಿದ್ದಲ್ಲ ಕಣಪ್ಪ. ನೀನೇ ಬ್ಯಾಡ ಅಂದಿದ್ದು.” ಕಾಲೇಜಿನಲ್ಲಿ ಪಾಠ ಹೇಳುವುದಕ್ಕೂ ಬುದ್ಧಿಗೂ ಸಂಬಂಧವಿಲ್ಲ ಎಂದು ನಮ್ಮಪ್ಪ ಆಗಾಗ ಹೇಳುತ್ತಿದ್ದರು.

ನಾನು ರಜೆ ಹಾಕಿ ಮಾವನ ಮನೆಯಲ್ಲೇ ಉಳಿದೆ. ಪರೀಕ್ಷೆ ನಡೆಯುವಾಗ ಹತ್ತಿರವಿರಬೇಕಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದು ಮಾವನೇ. ನಾನು ಮಲಗಿದರೆ ಹೆಣ, ನನಗೆ ಕನಸೂ ಬೀಳುವುದಿಲ್ಲ, ಬಿದ್ದರೂ ನೆನಪಿರುವುದಿಲ್ಲ ಎಂಬುದು ಅವರ ವಾದ. ಮೊದಲ ದಿನ ಬೆಳಿಗ್ಗೆ ಕತ್ತು ಹಿಡಿದುಕೊಂಡು ಎದ್ದರು. “ನೋಡ್ದಾ? ಶುರುವಾಯ್ತು.” ಅತ್ತೆ, “ಕಲ್ಲಿನಂಥ ಡಬ್ಬಿ ಮ್ಯಾಲೆ ಮಲಗಿದ್ರೆ ಕತ್ತು ಹಿಡೀದೆ ಇನ್ನೇನು ಹಾಡು ಹೇಳ್ತದಾ?” ಎಂದು ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಅವತ್ತೇ ಮಾವನ ಮೊಪೆಡ್ಡು ಪಂಕ್ಚರಾಯಿತು. ಸಂಜೆ ಹಸು ಹಾಲು ಕಡಿಮೆ ಕೊಟ್ಟಿತು. ಅದು ಮಾವನಿಗೆ ತಿಳಿಯಬಾರದೆಂದು ಅತ್ತೆ ಚೊಂಬಿಗೆ ಒಂದು ಲೋಟ ನೀರು ಬೆರೆಸಿದ್ದನ್ನು ನಾನು ಕಂಡೆ, ಕಂಡೂ ಕಾಣದಂತೆ ಆಚೆ ಹೋದೆ. ಮಾವ ಕಾಫಿ ಕುಡಿದು, “ಯಾಕೋ ನಾಲಿಗೆ ರುಚಿನೇ ಹೋಗೈತೆ, ಇದೂ ಅದರದ್ದೇ” ಎಂದರು. ಒಳ್ಳೆಯದೂ ಆಗದಿರಲಿಲ್ಲ. ಕೊಬ್ಬರಿ ಧಾರಣೆ ಏರಿದೆ ಎಂದು ಯಾರೋ ಬಂದು ಹೇಳಿದರು. ಆದರೆ ಅದು ಸೀಮೆಗೆಲ್ಲ ಏರಿದ್ದು, ನಮ್ಮೊಬ್ಬರ ವಜ್ರದಿಂದಲ್ಲ ಎಂದು ಮಾವ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೆಟ್ಟದ್ದೆಲ್ಲ ಖಾಸಾ, ಒಳ್ಳೆಯದೆಲ್ಲ ಸಾರ್ವಜನಿಕ.

ಮಾರನೆಯ ದಿನ ಮರದಿಂದ ಒಂದು ಕಾಯಿ ಬಿದ್ದು ಕೊಟ್ಟಿಗೆಯ ಹೆಂಚು ಒಡೆಯಿತು. ತೆಂಗಿನ ಮರದ ಕೆಳಗೆ ಕೊಟ್ಟಿಗೆ ಕಟ್ಟಿದರೆ ಕಾಯಿ ಬೀಳದೆ ಏನು ಬೀಳಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಇಷ್ಟು ವರ್ಷ ಬಿದ್ದಿತ್ತಾ?” ಎಂದರು ಮಾವ. ನಿಜವಾಗಿ ಬಿದ್ದಿತ್ತು, ಅಲ್ಲಿ ಆಗಲೇ ತೇಪೆ ಹಾಕಿದ ಹೆಂಚುಗಳಿದ್ದವು. ಆದರೆ ಮಾವ ತೀರ್ಮಾನಕ್ಕೆ ಬಂದಾಗಿತ್ತು. ನಾಳೆ ಬೆಂಗಳೂರಿಗೆ ಹೊರಡುವುದು, ಬೇರೆ ಉಂಗುರ ತರುವುದು. ಇನ್ನೂ ಮದುವೆಯಾಗದ ಹುಡುಗಿಗೆ, ನೀನು ಆರಿಸಿದ್ದು ಕೊಟ್ಟಿಗೆಯ ಹೆಂಚಿಗೆ ಆಗಿಬರಲಿಲ್ಲ ಎಂದು ಹೇಗೆ ಹೇಳಲಿ? ಅವಳ ಕೈ ಆ ಮೇಜಿನ ಮೇಲೆ ಇದ್ದ ರೀತಿ ಮತ್ತೆ ಮತ್ತೆ ನೆನಪಾಗುತ್ತಿತ್ತು. ಆ ಕೈ ನನಗೆ ಬೇಕಾಗಿತ್ತು, ಹೇಳಲು ಸಂಕೋಚವೇನು.

ಬೆಳಿಗ್ಗೆ ಮಾವ ಅಂಗಿ ಹಾಕಿಕೊಂಡು ಹೊರಡುವ ಹೊತ್ತಿಗೆ ಅವರ ಫೋನು ಬಡಿದುಕೊಂಡಿತು. ಮಂಗಳಾ. ಮಾವನಿಗೆ ಫೋನಿನಲ್ಲಿ ಮಾತಾಡುವುದೆಂದರೆ ಸ್ಪೀಕರ್ ಗಟ್ಟಿಯಾಗಿ ಇಟ್ಟು ಎಲ್ಲರಿಗೂ ಕೇಳಿಸುವುದು.

“ಮಾವ, ಉಂಗುರ ಆಗಿಬಂತಾ?”

“ಅದೇ ಕಣಮ್ಮ… ಒಸಿ ಹಂಗೂ ಹಿಂಗೂ ಆಗೈತೆ. ನೋಡ್ತಾ ಇದೀವಿ.”

“ನೋಡಿ ಮಾವ, ತಪ್ಪೇನಿಲ್ಲ. ಹಂಗೇ ನಿಮ್ ಅಳಿಯನ್ನೂ ಮೂರು ದಿನ ನಮ್ಮನೇಗೆ ಕಳಿಸಿಕೊಡಿ. ನಾವೂ ಇಟ್ಕೊಂಡು ನೋಡ್ತೀವಿ. ಆಗಿಬಂದ್ರೆ ಇರ್ಲಿ, ಇಲ್ದಿದ್ರೆ ವಾಪಸ್ ಕಳಿಸ್ತೀವಿ. ಉಂಗುರ ಬೆರಳಿಗಷ್ಟೇ, ಇವ್ರು ಜೀವಮಾನ ಪೂರ್ತಿ ಅಲ್ವಾ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಾವ ಬೈಯುತ್ತಾರೆ, ಸಂಬಂಧ ಮುರಿಯಿತು ಎಂದುಕೊಂಡೆ. ಆದರೆ ಮಾವ ಎಷ್ಟಾದರೂ ವ್ಯಾಪಾರದ ಮನುಷ್ಯ. ತಾವು ಮಾಲು ಪರೀಕ್ಷೆ ಮಾಡುವಾಗ ಎದುರಿನವರಿಗೂ ಆ ಹಕ್ಕಿದೆ ಎಂಬುದನ್ನು ಅವರು ಅಲ್ಲಗಳೆಯಲಾರರು. ನಿಧಾನವಾಗಿ ನನ್ನ ಕಡೆ ತಿರುಗಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ನ್ಯಾಯ ಐತೆ ಕಣ್ಲಾ. ಬಟ್ಟೆ ತುಂಬ್ಕೋ.”

ಹೀಗೆ ಮದುವೆಗೆ ಮುಂಚೆ ಹೆಣ್ಣಿನ ಮನೆಯಲ್ಲಿ ಪರೀಕ್ಷೆಗೆ ಕೂತ ನಮ್ಮ ಸೀಮೆಯ ಮೊದಲ ಗಂಡು ನಾನು. ಬಹುಶಃ ಕೊನೆಯವನೂ ನಾನೇ. ಅವರ ಊರಲ್ಲಿ ಬಸ್ಸಿಳಿದಾಗಲೇ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಕಟ್ಟೆಯ ಮೇಲೆ ಕೂತಿದ್ದವರೊಬ್ಬರು, “ಇದೇನಾ ನೋಡಕ್ಕೆ ಬಿಟ್ಟಿರೋ ಗಂಡು?” ಎಂದು ಪಕ್ಕದವರನ್ನು ಕೇಳಿದರು. ಹಲ್ಲು ತೋರಿಸು ಎಂದು ಯಾರೂ ಅನ್ನಲಿಲ್ಲ, ಅದೊಂದು ಪುಣ್ಯ.

ಒಳ್ಳೆಯವನೆನಿಸಿಕೊಳ್ಳಲು ಹೊರಟವನ ಕೈಯಲ್ಲಿ ಏನೇನಾಗಬೇಕೋ ಅದೆಲ್ಲ ಆಯಿತು. ನಾನು ಕಾಲಿಟ್ಟ ಗಳಿಗೆಯಲ್ಲಿ ಕರೆಂಟು ಹೋಯಿತು. ತೋಟದ ಗೇಟನ್ನು ಹಾಕುವುದು ಮರೆತೆ, ಕರು ಹೊರಗೆ ಹೋಗಿ ಪಕ್ಕದವರ ಹುರುಳಿ ಮೇಯ್ದು ಬಂತು. ಮೋಟಾರು ಶುರುವಾಗುತ್ತಿಲ್ಲ ಎಂದಾಗ ವಿಜ್ಞಾನದವನು ಸುಮ್ಮನಿರಬಾರದೆಂದು ಸ್ಟಾರ್ಟರಿಗೆ ಕೈ ಹಾಕಿದೆ. ಆವರೆಗೆ ಶುರುವಾಗದ ಮೋಟಾರು ಆಮೇಲೆ ಸುಟ್ಟೇ ಹೋಯಿತು. ಮಂಗಳಾಳ ಅಪ್ಪ ಮಾತಿನಲ್ಲಿ ಬಹಳ ಜಿಪುಣರು. ಪ್ರತಿಯೊಂದಕ್ಕೂ “ಹ್ಞೂಂ” ಎನ್ನುತ್ತಿದ್ದರು, ಒಂದೊಂದು ಹ್ಞೂಂ ಹಿಂದಿನದಕ್ಕಿಂತ ಉದ್ದವಾಗುತ್ತಾ ಹೋಯಿತು. ಮಂಗಳಾ ಬೆಳಿಗ್ಗೆ ಸ್ಕೂಲಿಗೆ ಹೋಗಿ ಸಂಜೆ ಬಂದು, ಇವತ್ತೇನಾಯಿತು ಎಂದು ಅವರಮ್ಮನನ್ನು ಕೇಳಿ ತಿಳಿದುಕೊಂಡು, ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು.

ಹೊರಡುವ ದಿನ ಅವರಪ್ಪ ಜಗಲಿಯ ಮೇಲೆ ಎಲ್ಲರೆದುರು ಹೇಳಿದರು, “ನಮ್ಗಂತೂ ಒಂದೂ ಕೈಹತ್ತಲಿಲ್ಲ. ನೀನೇನಂತೀಯಮ್ಮ?”

“ನಾನು ಇವ್ರನ್ನ ಇಲ್ಲಿ ನೋಡ್ಲಿಲ್ಲಪ್ಪ. ಅಂಗಡೀಲೇ ನೋಡ್ದೆ,” ಎಂದಳು ಮಂಗಳಾ. “ಆ ಹುಡ್ಗಿ ಬೇರೆ ಬೇರೆ ತಂದು ಮುಂದೆ ಇಡ್ತಿದ್ದಾಗ ಇವ್ರು, ‘ಅವ್ರು ನೋಡ್ಲಿ ಬಿಡಿ’ ಅಂದ್ರು. ನಂಗೆ ಅಷ್ಟು ಸಾಕು.”

ನಾನು ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಇದ್ದಿಲಿನ ಪಾಠ ಮಾತ್ರ ನೆನಪಿತ್ತು. ಎಷ್ಟು ಕಷ್ಟಪಟ್ಟು ಆಡಿದ ಮಾತುಗಳು ಗಾಳಿಗೆ ಹೋಗುತ್ತವೆ, ಬಾಯಿತಪ್ಪಿ ಬಂದದ್ದೊಂದು ಮನುಷ್ಯನಿಗೆ ಮದುವೆ ಮಾಡಿಸುತ್ತದೆ. ಬಸ್ಸಿನಲ್ಲಿ ಇಡೀ ದಾರಿ ನಾನು ಒಬ್ಬನೇ ನಗುತ್ತಾ ಬಂದೆ.

ಅರಳಗುಪ್ಪೆಗೆ ಬಂದು ಮಾವನಿಗೆ ಎಲ್ಲ ವರದಿ ಒಪ್ಪಿಸಿದೆ. ಕರೆಂಟು, ಕರು, ಮೋಟಾರು, ಒಂದನ್ನೂ ಬಿಡಲಿಲ್ಲ. ಮಾವ ಗಲ್ಲಕ್ಕೆ ಕೈಕೊಟ್ಟು ಕೇಳಿ, “ಇಷ್ಟೆಲ್ಲಾ ಆದ್ರೂ ಒಪ್ಪಿದ್ರಾ?” ಎಂದರು. ಒಪ್ಪಿದರು ಎಂದೆ. ಒಳಗೆ ಹೋಗಿ ಡಬ್ಬಿಯನ್ನು ತಂದು ನನ್ನ ಕೈಯಲ್ಲಿಟ್ಟರು.

“ನಂಗಂತೂ ಇದು ಆಗಿಬರ್ಲಿಲ್ಲ ಕಣ್ಲಾ. ಇನ್ನೂ ಕತ್ತು ನೋಯ್ತದೆ. ಆದ್ರೆ ಹಾಕ್ಕಳೋಳು ನಾನಲ್ವಲ್ಲ.”

ಮಾವನ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಒಪ್ಪಿಗೆ ಆಯಿತು, ಮದುವೆ ಆಯಿತು. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲೂ ಮೋಟಾರು ಸುಟ್ಟಿದೆ, ಹಸು ಒದ್ದಿದೆ, ನನ್ನ ತಲೆಗೂದಲು ಉದುರಿದೆ. ಉಂಗುರ ಮಂಗಳಾಳ ಬೆರಳಲ್ಲೇ ಇದೆ. ಹೇಳಿಕೊಳ್ಳುವಷ್ಟು ದೊಡ್ಡ ಕಥೆಯೂ ಅಲ್ಲ. ನಾನು ಇದನ್ನು ನೆಂಟರ ಮನೆಗಳಲ್ಲಿ ಮಾವನ ಹಸಿ ಮಾಲಿನ ಕಥೆ ಎಂದೇ ಹೇಳಿ ನಗಿಸುತ್ತಾ ಬಂದಿದ್ದೆ.

ಮೊನ್ನೆ ಕನ್ನಡಕದ ಪ್ರಸಂಗವನ್ನು ಮಂಗಳಾಗೆ ಹೇಳಿ, ಅದರ ಬಾಲ ಹಿಡಿದು ಇದನ್ನೆಲ್ಲ ಮತ್ತೆ ನೆನೆಸಿಕೊಂಡು, “ಆದ್ರೂ ಮಾರಾಯ್ತಿ, ಆ ಫೋನಲ್ಲಿ ಎಂಥಾ ಮಾತು ಆಡಿದೆ! ಅಷ್ಟು ಧೈರ್ಯ ಎಲ್ಲಿಂದ ಬಂತು?” ಎಂದೆ. ಅವಳು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು.

“ಅದು ನನ್ ಮಾತಲ್ಲ ಕಣ್ರೀ. ಅತ್ತೇದು.”

“ಯಾವ ಅತ್ತೆ?”

“ಗಂಗಮ್ಮತ್ತೆ. ಹಿಂದಿನ ದಿನ ಸಂಜೆ ಅವ್ರೇ ಫೋನ್ ಮಾಡಿದ್ರು, ಪಕ್ಕದ ತೋಟದೋರ ಮನೆಯಿಂದ. ಹಿಂಗಿಂಗೆ ಅನ್ನು, ನಿಮ್ ಮಾವ ವ್ಯಾಪಾರದ ಮಾತಿಗೆ ಬಗ್ತಾರೆ, ಬೇರೇದಕ್ಕೆ ಬಗ್ಗಲ್ಲ ಅಂತ ಹೇಳಿಕೊಟ್ರು. ಅವ್ರು ಮದ್ವೆಯಾಗಿ ಆ ಮನೆಗೆ ಬಂದಾಗ ತವರಿಂದ ಒಂದು ವಜ್ರದ ಮೂಗುಬೊಟ್ಟು ತಂದಿದ್ರಂತೆ. ಆ ತಿಂಗ್ಳೇ ಎತ್ತು ಸತ್ತೋಯ್ತಂತೆ. ಅವ್ರ ಅತ್ತೆ ಬಿಚ್ಚಿಸಿ ತುರುವೇಕೆರೆಗೆ, ತವರಿಗೇ ವಾಪಸ್ ಕಳಿಸಿಬಿಟ್ರಂತೆ. ‘ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ ಕಣೇ, ನಿಂದೂ ಹಂಗಾಗೋದು ಬ್ಯಾಡ’ ಅಂದ್ರು. ಯಾರ್ಗೂ ಹೇಳ್ಬೇಡ ಅಂದಿದ್ರು, ಇಷ್ಟು ದಿನ ಹೇಳಿರ್ಲಿಲ್ಲ.”

ನಾನು ಇಷ್ಟು ವರ್ಷ ಊರೂರಲ್ಲಿ ಹೇಳಿಕೊಂಡು ಬಂದ ಕಥೆಯಲ್ಲಿ ಅತ್ತೆ ಹಾಲಿಗೆ ನೀರು ಬೆರೆಸುವುದಕ್ಕೆ ಮಾತ್ರ ಬರುತ್ತಿದ್ದರು. ಅವರ ಮೂಗಿನಲ್ಲಿ ಯಾವಾಗಲೂ ಇರುವ ಕೆಂಪು ಹರಳಿನ ಸಣ್ಣ ಬೊಟ್ಟನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಲ್ಲಿ ಮೊದಲು ಬೇರೆಯೊಂದು ಇದ್ದಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಭಾನುವಾರ ಅರಳಗುಪ್ಪೆಗೆ ಹೋದೆ. ತೋಟದ ಮನೆಯಲ್ಲಿ ಎಂದಿನಂತೆ ಗದ್ದಲ. ಮಾವನ ಮಗ ಸೊಸೆ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಮಾವ ಜಗಲಿಯ ಆ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಈಗ ಅವರಿಗೆ ಕಿವಿ ಮಂದ. ಬೇಕಾದ್ದು ಕೇಳುತ್ತದೆ, ಬೇಡದ್ದು ಕೇಳುವುದಿಲ್ಲ ಎಂದು ಅತ್ತೆಯ ದೂರು. ಅತ್ತೆ ಈ ತುದಿಯಲ್ಲಿ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ನೇರವಾಗಿಯೇ ಕೇಳಿದೆ.

“ಅತ್ತೆ, ನಿಮ್ಮ ಮೂಗುಬೊಟ್ಟು ಹೆಂಗಿತ್ತು? ಮೊದಲಿನದು?”

ಅತ್ತೆ ನನ್ನನ್ನು ನೋಡಿದರು. ಹೇಳಿಬಿಟ್ಟಳಾ ಎನ್ನುವಂತೆ ತಲೆ ಆಡಿಸಿದರು. ಇನ್ನೊಂದು ಕಾಯಿ ಬಿಡಿಸಿದರು.

“ಇಷ್ಟು ವರ್ಷಕ್ಕೆ ನೀನೊಬ್ಬ ಕೇಳ್ದೆ ಕಣಪ್ಪ,” ಎಂದರು, ದನಿ ತಗ್ಗಿಸಿ. “ನಮ್ಮಪ್ಪ ನನ್ನ ಜೊತೇಲಿ ಕರ್ಕಂಡೋಗಿ ಕೊಡಿಸಿದ್ದು. ನಾನೇ ಬೆರಳಿಟ್ಟು ತೋರ್ಸಿದ್ದು. ಹೂವಿನಂಗಿತ್ತು. ಬೆಳಿಗ್ಗೆ ಬಿಸ್ಲಲ್ಲಿ ಅಂಗಳ ಗುಡಿಸೋವಾಗ ಕಣ್ಣಂಚಿಗೆ ಮಿಣಕ್ ಅನ್ನೋದು. ಆರು ಕಲ್ಲಿಂದು.”

“ಏಳು,” ಎಂದಿತು ಜಗಲಿಯ ಆ ತುದಿ.

ನಾವಿಬ್ಬರೂ ತಿರುಗಿದೆವು. ಮಾವ ನಮ್ಮ ಕಡೆ ನೋಡುತ್ತಿರಲಿಲ್ಲ. ಎದುರಿನ ತೋಟದ ಕಡೆ ಮುಖ ಮಾಡಿಯೇ ಹೇಳಿದರು. “ಸುತ್ತ ಆರು. ನಡೂವೆ ಒಂದಿತ್ತು. ಅದು ಒಂಚೂರು ದಪ್ಪ.”

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅರ್ಧ ಬಿಚ್ಚಿ ಹಾಗೇ ನಿಂತಿತು.

“ಹಂಗಾದ್ರೆ,” ಎಂದರು ಅತ್ತೆ, “ನೀವು ನೋಡಿದ್ರಾ?”